ಕೋವಿಡ್ ವಾರ್ಡಿನಲ್ಲಿ ರಕ್ತದ ರಿಪೋರ್ಟ್ ಓದಲು ಕಲಿತದ್ದು

2021ರ ಮೇ ತಿಂಗಳು. ನಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಆಕ್ಸಿಜನ್ ಇರುವ ಹಾಸಿಗೆ ಕಡಿಮೆ, ಹೊರಗೆ ಕಾಯುವವರು ಜಾಸ್ತಿ. ಯಾರನ್ನು ಉಳಿಸಿಕೊಳ್ಳಲಿ, ಯಾರನ್ನು ಮಾತ್ರೆ ಕೊಟ್ಟು ಮನೆಗೆ ಕಳಿಸಲಿ ಅನ್ನುವುದೇ ದಿನವಿಡೀ ನನ್ನ ತಲೆಯಲ್ಲಿ.

ರಕ್ತ ಹೆಪ್ಪುಗಟ್ಟುವಿಕೆಯ ಸುಳಿವು ಕೊಡುವ ಡಿ-ಡೈಮರ್, ಉರಿಯೂತದ ಸುಳಿವು ಕೊಡುವ ಫೆರಿಟಿನ್ ರಿಪೋರ್ಟ್ ಜಿಲ್ಲಾ ಕೇಂದ್ರದಿಂದ ಬರಲು ಎರಡು ದಿನ ಬೇಕಿತ್ತು. ನಮ್ಮಲ್ಲೇ ಆಗುತ್ತಿದ್ದದ್ದು ಸಿಬಿಸಿ (ರಕ್ತಕಣಗಳ ಎಣಿಕೆ), ಸಿಆರ್‌ಪಿ (ಉರಿಯೂತ ಹೆಚ್ಚಾದಂತೆ ರಕ್ತದಲ್ಲಿ ಏರುವ ಪ್ರೋಟೀನ್). ಅವೆರಡನ್ನೇ ಗಟ್ಟಿಯಾಗಿ ಹಿಡಿದುಕೊಂಡೆ. ನ್ಯೂಟ್ರೋಫಿಲ್, ಲಿಂಫೋಸೈಟ್ ಎರಡೂ ಬಿಳಿ ರಕ್ತಕಣಗಳು; ಸಿಬಿಸಿಯಲ್ಲಿರುವ ನ್ಯೂಟ್ರೋಫಿಲ್ ಸಂಖ್ಯೆಯನ್ನು ಲಿಂಫೋಸೈಟ್ ಸಂಖ್ಯೆಯಿಂದ ಭಾಗಿಸುತ್ತಿದ್ದೆ. ಆರೋಗ್ಯವಾಗಿರುವವರಲ್ಲಿ ಈ ಅನುಪಾತ ಸಾಮಾನ್ಯವಾಗಿ 1ರಿಂದ 3ರ ಒಳಗಿರುತ್ತದೆ. ಕೋವಿಡ್ ಜೋರಾದಾಗ ಲಿಂಫೋಸೈಟ್ ಕುಸಿದು ನ್ಯೂಟ್ರೋಫಿಲ್ ಏರುತ್ತದೆ, ಹಾಗಾಗಿ ಅನುಪಾತವೂ ಏರುತ್ತದೆ.

ಒಬ್ಬ ರೈತರು ಬಂದಿದ್ದರು. ವಯಸ್ಸು 52, ಜ್ವರ ಬಂದು ಏಳನೇ ದಿನ. "ಆರಾಮಿದೀನಿ ಸಾರ್, ಮನೇಲಿ ಹಾಲು ಕರೆಯೋಕೆ ಯಾರೂ ಇಲ್ಲ, ಕಳಿಸಿಬಿಡಿ" ಅಂದರು. ರಕ್ತದ ಆಕ್ಸಿಜನ್ ಅಳೆಯುವ ಬೆರಳಿನ ಮೀಟರ್ ಶೇಕಡಾ 96 ತೋರಿಸುತ್ತಿತ್ತು. ಮೂರು ದಿನದ ಹಿಂದೆ ಲಿಂಫೋಸೈಟ್ ಶೇಕಡಾ 26 ಇತ್ತು, ಅವತ್ತು 10. ನ್ಯೂಟ್ರೋಫಿಲ್ 85. ಸಿಆರ್‌ಪಿ 18ರಿಂದ 92ಕ್ಕೆ ಹೋಗಿತ್ತು. "ಯಜಮಾನ್ರೇ, ಆರು ನಿಮಿಷ ವರಾಂಡದಲ್ಲಿ ಓಡಾಡಿ" ಅಂದೆ. ನಾಲ್ಕನೇ ನಿಮಿಷಕ್ಕೆ ಗೋಡೆ ಹಿಡಿದು ನಿಂತರು. ಮೀಟರ್ 90. ಆಗಲೇ ಆಕ್ಸಿಜನ್ ಹಾಕಿ, 6 ಮಿಲಿಗ್ರಾಂ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಶುರು ಮಾಡಿದೆವು. ಹನ್ನೊಂದನೇ ದಿನ ನಡೆದುಕೊಂಡೇ ಮನೆಗೆ ಹೋದರು.

ಮೊದಲ ರಿಪೋರ್ಟ್ ಒಂದನ್ನೇ ನೋಡಿದ್ದರೆ ಅವರನ್ನು ಕಳಿಸಿಬಿಡುತ್ತಿದ್ದೆ. ಅಂದಿನಿಂದ ಪ್ರತಿ ಚೀಟಿಯ ಮೇಲೆ ಜ್ವರದ ಎಷ್ಟನೇ ದಿನ ಅಂತ ಬರೆದು, ಹಳೆಯ ಸಂಖ್ಯೆಯ ಪಕ್ಕದಲ್ಲೇ ಹೊಸದನ್ನು ಇಟ್ಟು ನೋಡತೊಡಗಿದೆ.

ಡಿ-ಡೈಮರ್ ಬಂದರೆ ಮೊದಲು ಯೂನಿಟ್ ನೋಡುತ್ತಿದ್ದೆ; ಅದನ್ನು ಎಫ್‌ಇಯು, ಡಿಡಿಯು ಅಂತ ಎರಡು ಬಗೆಯ ಅಳತೆಯಲ್ಲಿ ಬರೆಯುತ್ತಾರೆ. ಒಂದೇ ರಕ್ತಕ್ಕೆ ಎಫ್‌ಇಯು ಲೆಕ್ಕದಲ್ಲಿ ಬರುವ ಸಂಖ್ಯೆ ಡಿಡಿಯು ಲೆಕ್ಕದ ಸುಮಾರು ಎರಡರಷ್ಟು. ಇದು ಗೊತ್ತಿಲ್ಲದೆ ಎಷ್ಟೋ ಮನೆಯವರು ಸುಮ್ನೆ ಗಾಬರಿಯಾಗುತ್ತಿದ್ದರು.

ಒಂದು ತಪ್ಪು ಇವತ್ತಿಗೂ ಚುಚ್ಚುತ್ತದೆ. ಒಬ್ಬ ಹುಡುಗನ ಅನುಪಾತ 9 ಬಂತು ಅಂತ ಎರಡು ದಿನ ಹಾಸಿಗೆ ಕೊಟ್ಟೆ. ಸಿಆರ್‌ಪಿ ಬರೀ 7 ಇತ್ತು, ನಡೆಸಿದರೂ ಮೀಟರ್ ಇಳಿಯಲಿಲ್ಲ. ಆಮೇಲೆ ಅವನ ತಾಯಿ ಕೈಚೀಲದಿಂದ ಮಾತ್ರೆಯ ಸ್ಟ್ರಿಪ್ ತೆಗೆದು ತೋರಿಸಿದರು. ಜ್ವರ ಬಂದ ಎರಡನೇ ದಿನದಿಂದಲೇ ಸ್ಟೀರಾಯ್ಡ್ ನುಂಗುತ್ತಿದ್ದ! ಸ್ಟೀರಾಯ್ಡ್ ತಾನಾಗಿಯೇ ನ್ಯೂಟ್ರೋಫಿಲ್ ಏರಿಸುತ್ತದೆ. ಆಕ್ಸಿಜನ್ ಬೇಕಿಲ್ಲದವರಿಗೆ ಅದರಿಂದ ಲಾಭವಿಲ್ಲ ಅಂತ ಬ್ರಿಟನ್ನಿನ ‘ರಿಕವರಿ’ ಎಂಬ ಕೋವಿಡ್ ಔಷಧಗಳ ಅಧ್ಯಯನ 2020ರಲ್ಲೇ ತೋರಿಸಿತ್ತು, ಅಲ್ವಾ? ಆ ಎರಡು ದಿನ ಹೊರಗೆ ಬೆಂಚಿನ ಮೇಲೆ ಜನ ಕಾಯುತ್ತಿದ್ದರು.

ಈಗ ಫ್ಲೂ ಜ್ವರದವರು ಬಂದರೂ ರಿಪೋರ್ಟ್ ಬಿಡಿಸುವ ಮೊದಲು ಕೇಳುತ್ತೇನೆ: "ಇಲ್ಲೀವರೆಗೆ ಏನೇನು ಮಾತ್ರೆ ತಗೊಂಡಿದೀರಿ? ಸ್ಟ್ರಿಪ್ ತಂದಿದೀರಾ?"