ಒಗೆಯುವ ಕಲ್ಲನ್ನು ಮಗುಚಿದ ಮೇಲೆ

ನಮ್ಮ ಶಾಲೆಯ ಒಂಬತ್ತನೇ ತರಗತಿಯ ಮಕ್ಕಳು ಈಗ ಕೆರೆ ಏರಿಯ ಮೇಲಿನ ವೀರಗಲ್ಲಿನ (ಹೋರಾಡಿ ಮಡಿದ ವೀರನ ನೆನಪಿಗೆ ನಿಲ್ಲಿಸಿದ ಕಲ್ಲು) ಮುಂದೆ ನಿಂತು, ಕೆತ್ತನೆಯ ಕೆಳಗಿನ ಹಂತದಿಂದ ಮೇಲಿನ ಹಂತಕ್ಕೆ ಬೆರಳು ಸರಿಸುತ್ತಾ, ಊರಿನ ಹಿರಿಯರಿಗೆ ಹತ್ತು ನಿಮಿಷ ಪಾಠ ಹೇಳುತ್ತಾರೆ, ಅದೂ ಪುಸ್ತಕ ನೋಡದೆ. ಇದು ಆಗುತ್ತದೆ ಎಂದು ನಾನು 2019ರಲ್ಲಿ ಹೇಳಿದಾಗ ಮುಳಬಾಗಿಲು ತಾಲ್ಲೂಕಿನ ನಮ್ಮ ಸಮಾಜ ವಿಜ್ಞಾನ ಶಿಕ್ಷಕರಲ್ಲಿ ಒಬ್ಬರೂ ನಂಬಲಿಲ್ಲ. "ಎಸ್‌ಎಸ್‌ಎಲ್‌ಸಿ ಪ್ರಶ್ನೆಪತ್ರಿಕೆಯಲ್ಲಿ ನಿಮ್ಮ ಕಲ್ಲಿಗೆ ಎಷ್ಟು ಅಂಕ ಸರ್?" ಎಂದು ಹಿರಿಯ ಸಹೋದ್ಯೋಗಿಯೊಬ್ಬರು ಎಲ್ಲರ ಎದುರು ಕೇಳಿದರು. ಉತ್ತರ ಕೊಡಲು ನನಗೆ ನಾಲ್ಕು ವರ್ಷ ಹಿಡಿಯಿತು. ಅದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಕೈಸುಟ್ಟುಕೊಂಡ ಕಥೆ. 2017ರಲ್ಲಿ ಎಲ್ಲರಂತೆ ನಾನೂ ಹಂಪಿ ಪ್ರವಾಸ ಹಾಕಿದೆ. ತಲೆಗೆ ಸುಮಾರು 1,800 ರೂಪಾಯಿ. ತರಗತಿಯಲ್ಲಿ ಐವತ್ತೆರಡು ಮಕ್ಕಳಿದ್ದರು, ಹಣ ತಂದವರು ಹತ್ತೊಂಬತ್ತು ಜನ. ಉಳಿದವರ ಪೈಕಿ ಹೆಚ್ಚಿನವರ ಮನೆಯಲ್ಲಿ ಆಗ ಟೊಮೆಟೊ ಬೆಲೆ ಬಿದ್ದು ಕೈಯಲ್ಲಿ ಕಾಸಿರಲಿಲ್ಲ. ಪ್ರವಾಸ ರದ್ದಾಯಿತು. ಬಸ್ಸಿಗೆ ಕೊಟ್ಟ ಮುಂಗಡ ನಾಲ್ಕು ಸಾವಿರ ವಾಪಸ್ ಬರಲಿಲ್ಲ, ನನ್ನ ಜೇಬಿನಿಂದಲೇ ಹೋಯಿತು. ಹಣಕ್ಕಿಂತ ನನ್ನನ್ನು ಹೆಚ್ಚು ಕಾಡಿದ್ದು, ಮರುದಿನ ತರಗತಿಯಲ್ಲಿ ಹಣ ತಂದವರು ಮತ್ತು ತರದವರು ಬೇರೆ ಬೇರೆ ಬೆಂಚಿನಲ್ಲಿ ಕುಳಿತಿದ್ದ ದೃಶ್ಯ.

ಮರುವರ್ಷ ವಸ್ತುಪ್ರದರ್ಶನ ಮಾಡಿಸಿದೆ. ಥರ್ಮಾಕೋಲಿನ ಗೋಳಗುಮ್ಮಟ, ಥರ್ಮಾಕೋಲಿನ ಸಂಸತ್ ಭವನ. ಮೂರೂವರೆ ಸಾವಿರದಷ್ಟು ಖರ್ಚಾಯಿತು. ಬಹುಪಾಲು ಮಾದರಿಗಳನ್ನು ಮಾಡಿದವರು ಅಣ್ಣಂದಿರು, ಚಿಕ್ಕಪ್ಪಂದಿರು. ಕೇಳಿದ ಪ್ರಶ್ನೆಗೆ ಮಕ್ಕಳು ಚಾರ್ಟು ನೋಡಿ ಓದಿದರು. ಫೋಟೊಗಳು ಚೆನ್ನಾಗಿ ಬಂದವು, ಅಷ್ಟೇ.

2019ರಲ್ಲಿ ಶಾಸನದ ಹುಚ್ಚು ಹಿಡಿಯಿತು. ಕಲ್ಲಿನ ಅಕ್ಷರಗಳನ್ನು ಕಾಗದಕ್ಕೆ ಇಳಿಸುವ ಪಡಿಯಚ್ಚು ತೆಗೆಸೋಣ ಎಂದು ಕಾಗದ, ಮಸಿ, ಕುಂಚಕ್ಕೆ 2,200 ರೂಪಾಯಿ ಸುರಿದೆ. ಒದ್ದೆ ಕಾಗದವನ್ನು ಕಲ್ಲಿಗೆ ತಟ್ಟುವುದು ನೋಡಲು ಸುಲಭ. ಮಕ್ಕಳ ಕೈಯಲ್ಲಿ ಹನ್ನೆರಡು ಹಾಳೆ ಹರಿದವು, ಎರಡು ಹಾಳೆಯ ಮಸಿ ಕಲ್ಲಿಗೇ ಇಳಿಯಿತು. ದೇವಸ್ಥಾನದ ಅರ್ಚಕರು ಕೂಗಾಡಿದರು, ಅವರದೇ ನ್ಯಾಯ. ಆ ಮಸಿಯನ್ನು ನೀರು ಹಾಕಿ ತೊಳೆಯಲು ಎರಡು ಭಾನುವಾರ ಬೇಕಾಯಿತು. ಅಂದಿನಿಂದ ಕಲ್ಲಿಗೆ ಏನನ್ನೂ ಹಚ್ಚುವುದಿಲ್ಲ ಎಂಬ ಕಟ್ಟಳೆ ಮಾಡಿಕೊಂಡೆ. ಅಕ್ಷರ ಕಾಣಲಿ ಎಂದು ಸೀಮೆಸುಣ್ಣ ಉಜ್ಜುವವರು, ಹಿಟ್ಟು ಬಳಿಯುವವರು ನಮ್ಮಲ್ಲಿ ಈಗಲೂ ಇದ್ದಾರೆ. ದಯವಿಟ್ಟು ಬಿಡಿ. ಸಾವಿರ ವರ್ಷ ಉಳಿದದ್ದು ನಮ್ಮ ಒಂದು ಪೀರಿಯಡ್ಡಿನಲ್ಲಿ ಸವೆಯಬಾರದು.

ದಾರಿ ತೆರೆದದ್ದು 2020ರ ವಿದ್ಯಾಗಮದ ದಿನಗಳಲ್ಲಿ. ಶಾಲೆ ಮುಚ್ಚಿತ್ತು, ನಾವೇ ಊರೂರಿಗೆ ಹೋಗಿ ಮರದ ನೆರಳಿನಲ್ಲಿ ಪಾಠ ಮಾಡುತ್ತಿದ್ದೆವು. ನನ್ನ ಪಾಲಿಗೆ ಬಂದ ಒಂದು ಊರಿನಲ್ಲಿ ತರಗತಿ ನಡೆಯುತ್ತಿದ್ದುದು ಕೆರೆ ತೂಬಿನ ಪಕ್ಕದ ಹೊಂಗೆ ಮರದಡಿ. ಅಲ್ಲೊಂದು ಚಪ್ಪಡಿ ಬಿದ್ದಿತ್ತು. ಕೆರೆಯಲ್ಲಿ ನೀರಿದ್ದ ಕಾಲದಲ್ಲಿ ಹೆಂಗಸರು ಬಟ್ಟೆ ಒಗೆದು ಒಗೆದು ಅದರ ಬೆನ್ನು ನುಣುಪಾಗಿತ್ತು. ನಾನು ದಿನವೂ ಅದರ ಮೇಲೆ ಹಾಜರಿ ಪುಸ್ತಕ ಇಡುತ್ತಿದ್ದೆ. ಒಂದು ದಿನ ಹುಡುಗಿಯೊಬ್ಬಳ ಅಜ್ಜಿ ಬಂದು, "ಮೇಷ್ಟ್ರೇ, ಅದರ ಹೊಟ್ಟೆಯ ಕಡೆ ಬೊಮ್ಮೆಗಳಿವೆ, ನನ್ನ ಅತ್ತೆ ಹೇಳುತ್ತಿದ್ದಳು" ಎಂದರು. ಕೆಳಗೆ ಕೈ ತೂರಿಸಿ ತಡವಿದೆ. ಮಣ್ಣಿನಡಿ ಬೆರಳಿಗೆ ಒಂದು ಕುದುರೆಯ ಕಾಲು ಸಿಕ್ಕಿತು. ಆ ಸಂಜೆ ಮನೆಗೆ ಹೋಗಿ ಊಟ ರುಚಿಸಲಿಲ್ಲ.

ಮಗುಚುವುದು ಅಷ್ಟು ಸುಲಭವಾಗಲಿಲ್ಲ. ಕೊರೊನಾ ಮುಗಿಯಲಿ ಎಂದು ಕಾದೆವು. 2021ರ ನವೆಂಬರ್ ಮಳೆ ನೆನಪಿದೆಯಲ್ಲ, ಜಿಲ್ಲೆಯ ಎಷ್ಟೋ ಕೆರೆಗಳು ಕೋಡಿ ಬಿದ್ದವು. ಊರು ಬಾಗಿನ ಅರ್ಪಿಸಿತು, ನಾನೂ ಸಂತೋಷಪಟ್ಟೆ, ಆದರೆ ನಮ್ಮ ಕಲ್ಲು ನೀರಿನಡಿ ಹೋಯಿತು. ಒಂದು ವರ್ಷಕ್ಕೂ ಹೆಚ್ಚು ಕಾಲ ಅದರ ಮೇಲೆ ನೀರಿತ್ತು. ಸಹೋದ್ಯೋಗಿಗಳು ಮಾತು ಮುಗಿಯಿತು ಎಂದುಕೊಂಡರು.

ಆ ಖಾಲಿ ವರ್ಷ ವ್ಯರ್ಥವಾಗಲಿಲ್ಲ. ಬಿ. ಎಲ್. ರೈಸ್ ಅವರ ಶಾಸನ ಸಂಗ್ರಹವಾದ ಎಪಿಗ್ರಾಫಿಯಾ ಕರ್ನಾಟಿಕಾದ ಕೋಲಾರ ಸಂಪುಟ, 1905ರದ್ದು, ಹತ್ತನೆಯದು, ಅದರಿಂದ ನಮ್ಮ ಸುತ್ತಲಿನ ಊರುಗಳ ಶಾಸನಗಳನ್ನು ಜೆರಾಕ್ಸ್ ಮಾಡಿಸಿ ಮಕ್ಕಳಿಗೆ ಮನೆಗೆ ಕೊಟ್ಟೆ. ಮಗುವಿಗೆ ಒಂದೇ ಹಾಳೆ. ಎರಡು ಕೊಟ್ಟರೆ ಎರಡನ್ನೂ ಓದುವುದಿಲ್ಲ, ಇದು ಅನುಭವದ ಮಾತು. ಕೋಲಾರ ಒಂದು ಕಾಲಕ್ಕೆ ಚೋಳರ ಕೈಯಲ್ಲಿ ನಿಗರಿಲಿ ಚೋಳಮಂಡಲ ಆಗಿತ್ತು ಎಂದು ನಾವು ಹೇಳುತ್ತೇವೆ, ಮಕ್ಕಳು ಬರೆದುಕೊಳ್ಳುತ್ತಾರೆ. ತಮ್ಮದೇ ಸೀಮೆಯ ಶಾಸನ ತಮಿಳಿನಲ್ಲಿದೆ ಎಂದು ಕಣ್ಣಾರೆ ಕಂಡಾಗ ಮಾತ್ರ "ಯಾಕೆ ಸರ್?" ಎಂಬ ಪ್ರಶ್ನೆ ಬಂದಿತು. ಆ ಪ್ರಶ್ನೆಯಿಂದ ಚೋಳರ ಪಾಠ ಎರಡು ಪೀರಿಯಡ್ಡಿನಲ್ಲಿ ಮುಗಿಯಿತು, ಮೊದಲೆಲ್ಲ ಐದು ಬೇಕಾಗುತ್ತಿತ್ತು. ಆವನಿಯ ಶಾಸನದ ತ್ರಿಭುವನಕರ್ತಾರ ಎಂಬ ಯತಿ ಐವತ್ತು ದೇಗುಲ, ಎರಡು ದೊಡ್ಡ ಕೆರೆ ಕಟ್ಟಿಸಿದ ಎಂಬುದನ್ನು ಓದಿದ ಒಬ್ಬ ಹುಡುಗ, ಭಾನುವಾರ ಸೈಕಲ್ಲಿನಲ್ಲಿ ಆವನಿಗೆ ಹೋಗಿ ದೇಗುಲಗಳನ್ನು ಎಣಿಸಿಕೊಂಡು ಬಂದ. ನಾನು ಹೇಳಿರಲಿಲ್ಲ.

ಇನ್ನೊಂದನ್ನು ಹೇಳಲೇಬೇಕು. ನಮ್ಮ ಮಕ್ಕಳಲ್ಲಿ ಅರ್ಧದಷ್ಟು ಜನರ ಮನೆಮಾತು ತೆಲುಗು. ಹಾಳೆಯಲ್ಲಿದ್ದ "ತುಱು" (ದನ) ಎಂಬ ಪದದಲ್ಲಿ ಒಂದು ಹುಡುಗಿ ಸಿಕ್ಕಿಹಾಕಿಕೊಂಡಳು. ಱ ಅವಳ ವರ್ಣಮಾಲೆಯಲ್ಲಿಲ್ಲ. ಮನೆಯಲ್ಲಿ ತಾತನಿಗೆ ತೋರಿಸಿದ್ದಾಳೆ. ಹಳೆಯ ತೆಲುಗು ಓದಿದ ಆ ತಾತ ನೋಡಿದ ಕೂಡಲೇ "ಇದು ಬಂಡಿ ರ" ಎಂದಿದ್ದಾರೆ. ಮರುದಿನ ಅವಳು ಓಡಿ ಬಂದು ಹೇಳಿದಾಗ ನನಗೆ ಮೈ ಜುಮ್ಮೆಂದಿತು. ಕನ್ನಡ ವ್ಯಾಕರಣದಲ್ಲಿ ಅದರ ಹೆಸರು ಶಕಟರೇಫ. ಶಕಟ ಎಂದರೂ ಬಂಡಿಯೇ! ಎರಡು ಭಾಷೆ, ಒಂದೇ ಅಕ್ಷರ, ಒಂದೇ ಹೆಸರು. ತೆಲುಗು ಮನೆಯ ಮಗು ಕನ್ನಡ ತರಗತಿಯಲ್ಲಿ ಹಿಂದೆ ಎಂದು ಕೊರಗುವ ನಮ್ಮ ಸೀಮೆಯಲ್ಲಿ, ಆ ದಿನ ಆ ಮಗು ತರಗತಿಗೇ ಪಾಠ ಹೇಳಿತು.

"ತುಱುವಂ ಮಗುೞ್ಚಿ" ಎಂಬ ಮಾತು ವೀರಗಲ್ಲುಗಳಲ್ಲಿ ಮತ್ತೆ ಮತ್ತೆ ಬರುತ್ತದೆ, ಕಳ್ಳರು ಹೊಡೆದೊಯ್ದ ದನಗಳನ್ನು ಮರಳಿಸಿ ಎಂದು. "ದೋಸೆ ಮಗುಚುವ ಹಾಗೆಯೇ ಸರ್?" ಎಂದು ಕೇಳಿದರು. ಹೌದು, ಅದೇ ಪದ. ಅದಾದ ಮೇಲೆ ಆ ಸಾಲನ್ನು ಯಾರಿಗೂ ಮತ್ತೆ ಕಲಿಸಬೇಕಾಗಲಿಲ್ಲ.

ಮಕ್ಕಳ ಗ್ರಾಮಸಭೆಯನ್ನು ನಮ್ಮವರು ಹೆಚ್ಚಾಗಿ ಶೌಚಾಲಯ, ಕಾಂಪೌಂಡು ಕೇಳಲು ಬಳಸುತ್ತಾರೆ. ಅವೂ ಬೇಕಾದವೇ. 2022ರ ಕೊನೆಯಲ್ಲಿ ನಮ್ಮ ಮಕ್ಕಳು ಅಲ್ಲಿ ಕಲ್ಲಿನ ಅರ್ಜಿ ಇಟ್ಟರು. ಅರ್ಜಿಯಲ್ಲಿ ಕಲ್ಲಿನ ಅಳತೆ ಮತ್ತು ಸರ್ವೆ ನಂಬರ್ ಇತ್ತು. ದಿಶಾಂಕ್ ಆ್ಯಪ್ ಹಿಡಿದು ನಿಂತರೆ ನಿಂತ ಜಾಗದ ಸರ್ವೆ ನಂಬರ್ ಬರುತ್ತದೆ ಎಂಬುದು ನಿಮಗೆಲ್ಲ ಗೊತ್ತು. ಹಳೆಯ ಗ್ರಾಮ ನಕ್ಷೆಯನ್ನೂ ಲಗತ್ತಿಸಿದ್ದರು. ಪಂಚಾಯಿತಿ ಅಭಿವೃದ್ಧಿ ಅಧಿಕಾರಿ ಎರಡು ಬಾರಿ ಓದಿದರು. "ಕೆರೆ ಅಂಗಳದ ಸರ್ಕಾರಿ ಜಾಗ ಎಂದು ನೀವೇ ತೋರಿಸಿದ್ದೀರಿ, ನಾನು ಏನು ಹೇಳಲಿ" ಎಂದು ಒಪ್ಪಿದರು. ನಾಗರಿಕ ಶಾಸ್ತ್ರದ ಸ್ಥಳೀಯ ಸರ್ಕಾರದ ಅಧ್ಯಾಯವನ್ನು ಆ ವರ್ಷ ನಾನು ಹಲಗೆಯ ಮೇಲೆ ಬರೆಯಲೇ ಇಲ್ಲ.

2023ರ ಏಪ್ರಿಲಿನಲ್ಲಿ ನೀರು ಇಳಿಯಿತು. ಮೊದಲು ಜೆಸಿಬಿ ತರಿಸಿದ್ದು ತಪ್ಪಾಯಿತು. ಗಂಟೆಗೆ 1,200ರಂತೆ ಒಂದು ಗಂಟೆ ಕೊಟ್ಟೆವು. ಬಕೆಟ್ಟಿನ ಹಲ್ಲು ತಾಗಿ ಬಲ ಮೂಲೆ ಅಂಗೈಯಷ್ಟು ಚಕ್ಕೆ ಹಾರಿತು. ಅಲ್ಲಿಗೇ ನಿಲ್ಲಿಸಿದೆ. ಆಮೇಲೆ ಊರಿನ ಏಳೆಂಟು ಜನ ಹಾರೆ, ಹುಣಸೆ ಮರದ ತುಂಡು, ಹಗ್ಗ ತಂದು, ಒಂದು ಬೆಳಗಿನಲ್ಲಿ ಏರಿಯ ಮೇಲೆ ಎತ್ತಿ ನಿಲ್ಲಿಸಿದರು. ಅವರಿಗೆ ತಿಂಡಿ, ಕಾಫಿ 600 ರೂಪಾಯಿ. ಕಲ್ಲಿನ ಬುಡಕ್ಕೆ ಕಟ್ಟೆ ಪಂಚಾಯಿತಿಯಿಂದಾಯಿತು.

ಮೂರು ಹಂತದ ಕಲ್ಲು. ಕೆಳಗೆ ಕುದುರೆ ಸವಾರ, ಎದುರಿಗೆ ಬಿಲ್ಲು ಹಿಡಿದವನು, ಮೂಲೆಯಲ್ಲಿ ಮೂರು ದನ. ನಡುವೆ ಅಪ್ಸರೆಯರು ಕೈ ಹಿಡಿದು ಒಯ್ಯುತ್ತಿದ್ದಾರೆ. ಮೇಲೆ ಲಿಂಗದ ಮುಂದೆ ಕುಳಿತ ವೀರ. ಹಂತಗಳ ನಡುವಿನ ಪಟ್ಟಿಯಲ್ಲಿ ಅಕ್ಷರಗಳಿದ್ದವು, ಹಗಲಿನಲ್ಲಿ ಬರಿಗಣ್ಣಿಗೆ ಕಾಣುತ್ತಿರಲಿಲ್ಲ. ಪೋಷಕರನ್ನೂ ಕರೆದುಕೊಂಡು ರಾತ್ರಿ ಏಳೂವರೆಗೆ ಹೋದೆವು. 150 ರೂಪಾಯಿಯ ಟಾರ್ಚನ್ನು ಕಲ್ಲಿನ ಅಂಚಿಗೆ ಒತ್ತಿ ಹಿಡಿದು ಓರೆಬೆಳಕು ಬಿಟ್ಟೆ. ಅಕ್ಷರದ ತಗ್ಗುಗಳ ನೆರಳು ಉದ್ದವಾಗಿ, ಸವೆದ ಗೆರೆಗಳು ಒಂದೊಂದಾಗಿ ಮೇಲೆದ್ದವು. ಬಂಡಿ ರ ಕಂಡ ಹುಡುಗಿ ಕಿರುಚಿದಳು. ಆ ಕೂಗು ನನ್ನ ಕಿವಿಯಲ್ಲಿ ಇನ್ನೂ ಇದೆ. ಟಾರ್ಚಿನ ಜೊತೆಗೆ ಇನ್ನೊಂದು ಸಾಮಾನನ್ನು ಬಳಸುತ್ತೇನೆ, ಪ್ರತಿ ಮನೆಯಲ್ಲೂ ಇರುವಂಥದ್ದು. ಅದನ್ನು ಇಲ್ಲಿ ಬರೆಯುವುದಿಲ್ಲ, ಶಾಲೆಗೆ ಬಂದವರಿಗೆ ಕೈಯಾರೆ ತೋರಿಸುತ್ತೇನೆ. ಹಾಗೆಯೇ ಹಳೆಯ ಲಿಪಿಯನ್ನು ಮೂರು ವಾರದಲ್ಲಿ ಮಕ್ಕಳ ಕೈಗೆ ಹತ್ತಿಸುವ ಆಟವೊಂದಿದೆ, ಅದೂ ಸದ್ಯಕ್ಕೆ ನನ್ನ ಬಳಿಯೇ ಇರಲಿ.

ಕಲ್ಲು ರೈಸ್ ಸಂಪುಟದಲ್ಲಿ ನಮಗೆ ಸಿಗಲಿಲ್ಲ. ಅಕ್ಷರದ ಬಾಗು ನೋಡಿದರೆ ಗಂಗ–ನೊಳಂಬ ಅರಸರ ಕಾಲ ಎಂಬುದು ನನ್ನ ಅಂದಾಜು. ಪೂರ್ತಿ ಓದುವುದು ತಜ್ಞರ ಕೆಲಸ, ಫೋಟೊಗಳನ್ನು ಕಳುಹಿಸಿದ್ದೇವೆ. ಬೆಂಗಳೂರಿನ ಮಿಥಿಕ್ ಸೊಸೈಟಿಯವರು ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡುತ್ತಾರೆ. ಆ ಚಿತ್ರಗಳನ್ನು ಪರದೆಯ ಮೇಲೆ ತೋರಿಸಿದ ದಿನ, ನಮ್ಮ ಟಾರ್ಚಿನ ಕೆಲಸವೂ ಅದೇ ದಾರಿಯದು ಎಂದು ಮಕ್ಕಳಿಗೆ ಹೆಮ್ಮೆಯಾಯಿತು.

ನಡುವೆ ಒಂದೆರಡು ಬೇರೆ ಪ್ರಯೋಗ ಮಾಡಿದೆ. ಕೆರೆಯ ನೀರು ಹಂಚುವ ನೀರಗಂಟಿ ತಾತನನ್ನು ತರಗತಿಗೆ ಕರೆಸಿದೆ. ತೂಬು ಎತ್ತಿದರೆ ಅಚ್ಚುಕಟ್ಟಿನಲ್ಲಿ ಯಾರ ಗದ್ದೆಗೆ ಮೊದಲು ನೀರು, ಬರಗಾಲದಲ್ಲಿ ಯಾರಿಗೆ ಎಷ್ಟು, ಎಂದು ಅವರು ನೆಲದ ಮೇಲೆ ಕಡ್ಡಿಯಿಂದ ಗೀಚಿ ತೋರಿಸಿದರು. ಅದರಿಂದ ಭೂಗೋಳಕ್ಕೂ ಅರ್ಥಶಾಸ್ತ್ರಕ್ಕೂ ಲಾಭವಾಯಿತು. ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥಕ್ಕೆ ಇಪ್ಪತ್ತು ಮಕ್ಕಳನ್ನು ಕರೆದೊಯ್ದೆ. ಸ್ವಾತಂತ್ರ್ಯ ಚಳವಳಿಯ ಕಾಲದ, 1938ರ ಏಪ್ರಿಲ್ 25ರ ಗೋಲಿಬಾರಿನ ಜಾಗದಲ್ಲಿ ಮಕ್ಕಳು ಮೌನವಾಗಿ ನಿಂತರು. ಆದರೆ ಹಿಂತಿರುಗಿ ಬಂದು ಬರೆಸಿದಾಗ ಪಠ್ಯದ ಸಾಲುಗಳೇ ಬಂದವು. ಒಂದು ದಿನದ ಭೇಟಿ ಸಾಲದು, ತಿಂಗಳುಗಟ್ಟಲೆ ಹೋಗಿ ಬಂದು ಮಾಡುವ ಜಾಗ ಹತ್ತಿರವೇ ಇರಬೇಕು ಎಂದು ಆಗ ಖಚಿತವಾಯಿತು. ಮಾಲೂರು ಕಡೆಯ ಶಿಕ್ಷಕರಿಗೆ ಒಂದು ಮಾತು: ಮಾಸ್ತಿ ಎಂಬ ಊರಿನ ಹೆಸರೇ ಮಹಾಸತಿಯಿಂದ, ಅಂದರೆ ಗಂಡನ ಚಿತೆಯೇರಿದವಳಿಂದ ಬಂದದ್ದು. ನಿಮ್ಮ ಅಂಗಳದಲ್ಲೇ ಪಾಠವಿದೆ.

ಪಾಠ ಹಿಂದೆ ಬೀಳುತ್ತದೆ ಎಂಬ ಭಯಕ್ಕೆ ನಾನು ಮಾಡಿದ್ದು ಇಷ್ಟು. ಇಡೀ ಕೆಲಸವನ್ನು ತರಗತಿಯಲ್ಲೇ ನಡೆಯುವ ರೂಪಣಾತ್ಮಕ ಮೌಲ್ಯಮಾಪನದ ಚಟುವಟಿಕೆಯಾಗಿ ದಾಖಲಿಸಿದೆ, ಅಂಕ ಅಲ್ಲಿಂದಲೇ ಕೊಟ್ಟೆ. ಶನಿವಾರದ ಅರ್ಧ ದಿನ ಬಿಟ್ಟರೆ ಬೇರೆ ವೇಳೆ ತೆಗೆದುಕೊಳ್ಳಲಿಲ್ಲ. ವರ್ಷದ ಖರ್ಚು ಈಗ 1,400 ದಾಟುವುದಿಲ್ಲ, ಅದರಲ್ಲಿ ಜೆರಾಕ್ಸಿನದೇ ದೊಡ್ಡ ಪಾಲು. 2019ರಲ್ಲಿ ನನ್ನ ವಿಷಯದಲ್ಲಿ ನಲವತ್ತಾರು ಮಕ್ಕಳ ಪೈಕಿ ಮೂವತ್ತೊಂದೋ ಮೂವತ್ತೆರಡೋ ಪಾಸಾಗಿದ್ದರು. ಕಲ್ಲು ಎತ್ತಿದ ತಂಡ ಹತ್ತನೇ ತರಗತಿ ಬರೆದಾಗ ನಲವತ್ತನಾಲ್ಕರಲ್ಲಿ ನಲವತ್ತೊಂದು. ಬಂಡಿ ರ ಹುಡುಗಿಗೆ ತೊಂಬತ್ತಾರು ಅಂಕ. ಅಂದು ಸಭೆಯಲ್ಲಿ ಪ್ರಶ್ನೆ ಕೇಳಿದ ಸಹೋದ್ಯೋಗಿ ಹೋದ ಡಿಸೆಂಬರಿನಲ್ಲಿ ತಮ್ಮ ಮಕ್ಕಳನ್ನು ಕರೆದುಕೊಂಡು ಬಂದಿದ್ದರು. ಆ ಹುಡುಗಿಯ ತಂಗಿ, ಈಗ ಎಂಟನೇ ತರಗತಿಯವಳು, ಅವರಿಗೆ ಕಲ್ಲನ್ನು ಓದಿ ಹೇಳಿದಳು. ಅವರು ಟಿಪ್ಪಣಿ ಬರೆದುಕೊಂಡರು.

ನೋಡಲು ಬರುವವರಿಗೆ ಒಂದು ಸೂಚನೆ. ಉತ್ತರಕ್ಕೆ ಮುಖ ಮಾಡಿ ನಿಲ್ಲಿಸೋಣ ಎಂದು ನಾನು ಹೇಳಿದ್ದೆ. ದೇವರಾದ ಮೇಲೆ ಪೂರ್ವಕ್ಕೇ ನೋಡಬೇಕು ಎಂದು ಊರಿನವರು ಪಟ್ಟು ಹಿಡಿದು ಪೂರ್ವಕ್ಕೇ ನಿಲ್ಲಿಸಿದರು. ಈಗ ಸೋಮವಾರ ಅರಿಶಿನ ಕುಂಕುಮವೂ ಆಗುತ್ತದೆ, ಅಕ್ಷರದ ಪಟ್ಟಿಗೆ ಮಾತ್ರ ಹಚ್ಚಬೇಡಿ ಎಂದು ಮಕ್ಕಳು ಮನೆಮನೆಗೆ ಹೋಗಿ ಕೇಳಿಕೊಂಡಿದ್ದಾರೆ. ಪೂರ್ವಕ್ಕೆ ಮುಖವಿರುವುದರಿಂದ ಬೆಳಗಿನ ಬಿಸಿಲು ನೇರ ಬಿದ್ದು ಏನೂ ಕಾಣುವುದಿಲ್ಲ. ಹನ್ನೊಂದೂವರೆಯಿಂದ ಹನ್ನೆರಡರ ನಡುವೆ ಬಿಸಿಲು ಕಲ್ಲನ್ನು ಸವರಿಕೊಂಡು ಇಳಿಯುತ್ತದೆ. ಆಗ ಟಾರ್ಚು ಇಲ್ಲದೆಯೂ ಎರಡನೇ ಸಾಲು ಓದಬಹುದು.