ಕಡಿಮೆ ದುಡ್ಡಿನ ದೆವ್ವದ ಸಿನಿಮಾ ನೋಡಿ ಅಭಿಪ್ರಾಯ ಬರೆಯೋದು ಹೇಗೆ

"ಟೈಮ್ ವೇಸ್ಟ್." ಇಲ್ಲಾಂದ್ರೆ "ಸೂಪರ್, ಮೈ ನಡುಗಿತು." ಸಣ್ಣ ಬಜೆಟ್ಟಿನ ದೆವ್ವದ ಸಿನಿಮಾ ಬಂದ ಮರುದಿನ ಶಿವಮೊಗ್ಗದಲ್ಲಿ ಯಾರನ್ನು ಕೇಳಿದರೂ ಸಿಗುವ ಉತ್ತರ ಹೆಚ್ಚು ಕಡಿಮೆ ಇವೆರಡೇ. ನೋಡಬೇಕೋ ಬೇಡವೋ ಅಂತ ಯೋಚಿಸುತ್ತಿರುವವರಿಗೆ ಇದರಿಂದ ಏನೂ ತಿಳಿಯುವುದಿಲ್ಲ. ಸಿನಿಮಾ ಮಾಡಿದವರಿಗೂ ಏನೂ ಸಿಗುವುದಿಲ್ಲ. ದೊಡ್ಡ ಸಿನಿಮಾಕ್ಕೆ ಸ್ಟಾರ್ ಇರುತ್ತಾರೆ, ಊರ ತುಂಬಾ ಪೋಸ್ಟರ್ ಇರುತ್ತದೆ, ಟೀವಿಯಲ್ಲಿ ಸಂದರ್ಶನ ಬರುತ್ತದೆ. ಸಣ್ಣದಕ್ಕೆ ನೋಡಿದವರ ಬಾಯಿಮಾತೇ ಗತಿ.

ಅಮೆರಿಕದ 'ಪ್ಯಾರಾನಾರ್ಮಲ್ ಆಕ್ಟಿವಿಟಿ' ಗೊತ್ತಲ್ವಾ? ಓರೆನ್ ಪೆಲಿ ಅದನ್ನು ತನ್ನ ಸ್ವಂತ ಮನೆಯಲ್ಲೇ ಸುಮಾರು 15 ಸಾವಿರ ಡಾಲರ್‌ನಲ್ಲಿ ತೆಗೆದರು. ಆಗಿನ ಲೆಕ್ಕಕ್ಕೆ ನಮ್ಮ 6-7 ಲಕ್ಷ ರೂಪಾಯಿ. 2007ರಲ್ಲಿ ಚಿತ್ರೋತ್ಸವದಲ್ಲಿ ತೋರಿಸಿದ ಸಿನಿಮಾ ಥಿಯೇಟರಿಗೆ ಬರಲು 2009 ಆಯಿತು. ಆಗಲೂ ಮೊದಲು ಕೆಲವೇ ಊರುಗಳಲ್ಲಿ ಬಿಟ್ಟು, ನಮ್ಮೂರಿಗೂ ಬೇಕು ಅಂತ 10 ಲಕ್ಷ ಜನ ಆನ್‌ಲೈನ್‌ನಲ್ಲಿ ಕೇಳಿದರೆ ದೇಶದ ಎಲ್ಲ ಕಡೆ ಹಾಕುತ್ತೇವೆ ಅಂತ ಕಂಪನಿ ಹೇಳಿತು. ಜನ ಕೇಳಿದರು, ಸಿನಿಮಾ ಎಲ್ಲ ಕಡೆ ಬಂತು. ಹಾಗಾಗಿ ನೀವು ಬರೆಯುವ ನಾಲ್ಕು ಸಾಲನ್ನು ಹಗುರ ಅಂದುಕೊಳ್ಳಬೇಡಿ.

ನಮ್ಮ ಮಲೆನಾಡಿಗೆ ಸಿನಿಮಾ ನೋಡಿ ಕೂತು ಮಾತಾಡುವುದು ಹೊಸದೇನಲ್ಲ. ಹೆಗ್ಗೋಡಿನಲ್ಲಿ 1949ರಲ್ಲಿ ಶುರುವಾದ ನೀನಾಸಂ ನಾಟಕದ ಜೊತೆಗೆ ಚಿತ್ರಸಮಾಜವನ್ನೂ ಕಟ್ಟಿ, ಹೊರದೇಶದ ಸಿನಿಮಾಗಳನ್ನು ಹಳ್ಳಿಯವರಿಗೆ ತೋರಿಸಿ, ಅವುಗಳ ಬಗ್ಗೆ ಚರ್ಚೆ ಮಾಡುವ ರೂಢಿ ಬೆಳೆಸಿತು. ಕಲಾತ್ಮಕ ಸಿನಿಮಾಕ್ಕೆ ಕೊಟ್ಟ ಆ ಗಮನವನ್ನು ದೆವ್ವದ ಸಿನಿಮಾಕ್ಕೂ ಕೊಡಿ ಅಂತ ನಾನು ಹೇಳುತ್ತಿರುವುದು.

ಮೊದಲು, ಸರಿಯಾಗಿ ನೋಡಿ

ಮಧ್ಯಾಹ್ನ ಊಟ ಮಾಡುತ್ತಾ ಫೋನಿನ ಸ್ಪೀಕರ್‌ನಲ್ಲಿ ನೋಡಿ "ಹೆದರಿಕೆನೇ ಆಗಲಿಲ್ಲ" ಅಂದರೆ ಅದು ಅಭಿಪ್ರಾಯವಲ್ಲ. ರಾತ್ರಿ ನೋಡಿ, ಲೈಟ್ ಆರಿಸಿ, ಇಯರ್‌ಫೋನ್ ಹಾಕಿಕೊಳ್ಳಿ. ಮಳೆಗಾಲವಾದರೆ ಇಯರ್‌ಫೋನ್ ಬೇಕೇ ಬೇಕು. ಹೆಂಚಿನ ಮೇಲೋ ಶೀಟಿನ ಮೇಲೋ ಮಳೆ ಹೊಯ್ಯುತ್ತಿದ್ದರೆ ಸಿನಿಮಾದ ಸಣ್ಣ ಸದ್ದುಗಳು ಒಂದೂ ಕೇಳಿಸುವುದಿಲ್ಲ, ದೆವ್ವದ ಸಿನಿಮಾದಲ್ಲಿ ಕೆಲಸ ಮಾಡುವುದು ಆ ಸಣ್ಣ ಸದ್ದುಗಳೇ.

ಇನ್ನೊಂದು ವಿಷಯ. ನೆಟ್‌ವರ್ಕ್ ಒಂದು ಕಡ್ಡಿ ಬರುವ ಊರಿನಲ್ಲಿ ವಿಡಿಯೋ ತಾನಾಗಿ ಕಡಿಮೆ ಕ್ವಾಲಿಟಿಗೆ ಇಳಿಯುತ್ತದೆ. ಆಗ ಎಲ್ಲಕ್ಕಿಂತ ಮೊದಲು ಕೆಡುವುದು ಕತ್ತಲ ಸೀನು. ಕಪ್ಪೆಲ್ಲ ಚೌಕ ಚೌಕವಾಗಿ ಒಡೆದು ಕಾಣುತ್ತದೆ. ಅದನ್ನು ಕ್ಯಾಮೆರಾಮನ್ ತಲೆಗೆ ಕಟ್ಟಬೇಡಿ. ಆಗುವುದಾದರೆ ಮೊದಲೇ ಡೌನ್‌ಲೋಡ್ ಮಾಡಿಟ್ಟುಕೊಂಡು ನೋಡಿ.

ಪಕ್ಕದಲ್ಲಿ ಒಂದು ಚೀಟಿ ಇರಲಿ. ಎಲ್ಲಿ ಮೈ ಜುಂ ಅಂತು, ಎಲ್ಲಿ ನಗು ಬಂತು, ಎಲ್ಲಿ ಬೇರೆ ಏನೋ ಯೋಚನೆ ಶುರುವಾಯಿತು, ಅದರ ನಿಮಿಷ ಬರೆದುಕೊಳ್ಳಿ ಸಾಕು. ಕಾರಣ ಆಮೇಲೆ ಹುಡುಕಬಹುದು.

ಬೆಚ್ಚಿದಿರೋ, ಹೆದರಿದಿರೋ

ಇವೆರಡೂ ಬೇರೆ ಬೇರೆ. ಹಿಂದಿನಿಂದ ಯಾರೋ ತಟ್ಟೆ ಬೀಳಿಸಿದರೆ ಎಂಥ ಧೈರ್ಯವಂತನೂ ಬೆಚ್ಚುತ್ತಾನೆ, ಅದು ಮೈಯ ಸ್ವಭಾವ. ಸದ್ದಿಲ್ಲದ ಸೀನಿನ ನಡುವೆ ಧಡ್ ಅಂತ ಮ್ಯೂಸಿಕ್ ಹಾಕುವ ಜಂಪ್ ಸ್ಕೇರ್ ಕೆಲಸ ಮಾಡುವುದೂ ಹೀಗೆಯೇ. ಅದು ತಪ್ಪು ಅಂತಲ್ಲ, ಆದರೆ ಸಿನಿಮಾ ತುಂಬಾ ಅದೇ ಇದ್ದರೆ ನೀವು ಬರೆಯಬೇಕು. ಪರೀಕ್ಷೆ ಸುಲಭ. ಬೆಚ್ಚಿದ ಆ ಸೀನನ್ನು ಸೌಂಡ್ ಆಫ್ ಮಾಡಿ ಇನ್ನೊಮ್ಮೆ ನೋಡಿ. ಆಗಲೂ ಏನೋ ಒಂಥರಾ ಅನ್ನಿಸಿದರೆ ಆ ಸೀನು ಕಟ್ಟಿದವರಿಗೆ ಕೆಲಸ ಗೊತ್ತು. ಏನೂ ಅನ್ನಿಸದಿದ್ದರೆ ನಿಮ್ಮನ್ನು ಹೆದರಿಸಿದ್ದು ಸ್ಪೀಕರ್ ಮಾತ್ರ.

ದುಡ್ಡಿಲ್ಲದ್ದಕ್ಕೆ ಆದದ್ದು, ಯೋಚಿಸದ್ದಕ್ಕೆ ಆದದ್ದು

ನನ್ನ ಪ್ರಕಾರ ಇಡೀ ಅಭಿಪ್ರಾಯ ನಿಂತಿರುವುದು ಇಲ್ಲಿ. ಸಣ್ಣ ಸಿನಿಮಾದಲ್ಲಿ ಕೊರತೆ ಇದ್ದೇ ಇರುತ್ತದೆ. ಯಾವ ಕೊರತೆ ದುಡ್ಡಿಲ್ಲದೆ ಬಂತು, ಯಾವುದು ತಲೆ ಓಡಿಸದೆ ಬಂತು ಅಂತ ಬೇರೆ ಮಾಡಿ ನೋಡಬೇಕು. ಗ್ರಾಫಿಕ್ಸ್ ಸಾಧಾರಣವಾಗಿದೆ ಅಂತ ಬೈಯುವುದರಲ್ಲಿ ಅರ್ಥವಿಲ್ಲ, ಅದಕ್ಕೆ ದುಡ್ಡು ಬೇಕು. ಆದರೆ ಗ್ರಾಫಿಕ್ಸ್ ಆಗುವುದಿಲ್ಲ ಅಂತ ಗೊತ್ತಿದ್ದೂ ದೆವ್ವವನ್ನು ಹತ್ತು ಸಲ ಎದುರಿಗೆ ತಂದು ನಿಲ್ಲಿಸಿದ್ದರೆ ಅದು ದುಡ್ಡಿನ ತಪ್ಪಲ್ಲ. 1999ರ 'ದಿ ಬ್ಲೇರ್ ವಿಚ್ ಪ್ರಾಜೆಕ್ಟ್' ಹೆಸರಲ್ಲೇ ಇರುವ ಮಾಟಗಾತಿಯನ್ನು ಒಂದು ಸಲವೂ ತೋರಿಸದೆ ಮುಗಿಯುತ್ತದೆ.

ರಾತ್ರಿಯ ಕಾಡನ್ನೇ ತೆಗೆದುಕೊಳ್ಳಿ. ಆಗುಂಬೆ ಕಡೆಯ ಕಾಡಿನಲ್ಲಿ ರಾತ್ರಿ ಶೂಟಿಂಗ್ ಮಾಡಬೇಕಾದರೆ ಜನರೇಟರ್ ಬೇಕು, ದೊಡ್ಡ ಲೈಟ್ ಬೇಕು, ಅದನ್ನೆಲ್ಲ ಹೊತ್ತು ತರುವವರು ಬೇಕು. ಅಷ್ಟು ಕೈಲಾಗದವರು ಹಗಲಲ್ಲೇ ತೆಗೆದು ನೀಲಿ ಬಣ್ಣ ಹಾಕಿ ರಾತ್ರಿ ಅನ್ನುತ್ತಾರೆ. ನೆಲದ ಮೇಲೆ ಎಲೆಗಳ ನೆರಳು ಕತ್ತರಿಸಿದ ಹಾಗೆ ಸ್ಪಷ್ಟವಾಗಿ ಬಿದ್ದಿದ್ದರೆ ಬಿಸಿಲಲ್ಲಿ ತೆಗೆದದ್ದು ಅಂತ ಗೊತ್ತಾಗಿಬಿಡುತ್ತದೆ. ಅದೇ ಬಜೆಟ್ಟಿನಲ್ಲಿ ಜಾಣ ನಿರ್ದೇಶಕ ಏನು ಮಾಡುತ್ತಾನೆ? ಕಥೆಯೊಳಗೇ ಟಾರ್ಚ್ ತರುತ್ತಾನೆ, ಬೆಂಕಿ ಹಾಕಿಸುತ್ತಾನೆ, ಬೆಳಕು ಬಿದ್ದಷ್ಟೇ ಜಾಗ ತೋರಿಸುತ್ತಾನೆ. ಉಳಿದ ಕತ್ತಲು ಬಿಟ್ಟಿ ಸಿಗುತ್ತದೆ, ಹೆದರಿಸುವುದೂ ಅದೇ. ಇಂಥದ್ದು ಕಂಡರೆ ದಯವಿಟ್ಟು ಹೆಸರಿಟ್ಟು ಹೊಗಳಿ.

ಸೌಂಡ್ ಬಗ್ಗೆ ಇನ್ನೂ ಜಾಸ್ತಿ ಕಿವಿ ಕೊಡಿ. ವರ್ಷಕ್ಕೆ 7,000 ಮಿಲಿಮೀಟರ್‌ಗೂ ಹೆಚ್ಚು ಮಳೆ ಬೀಳುವ ಆಗುಂಬೆಯಲ್ಲಿ ಮಳೆಗಾಲದಲ್ಲಿ ಚಿತ್ರೀಕರಿಸಿದರೆ ಅಲ್ಲೇ ಹಿಡಿದ ಮಾತು ಉಪಯೋಗಕ್ಕೆ ಬರುವುದು ಕಷ್ಟ, ಆಮೇಲೆ ಡಬ್ ಮಾಡಲೇಬೇಕು. ಡಬ್ ಮಾಡಿದ್ದು ತಪ್ಪಲ್ಲ. ಪಾತ್ರಗಳು ಕಾಡಿನ ನಡುವೆ ನಿಂತಿದ್ದೂ ಮಾತು ಮಾತ್ರ ಬಾಗಿಲು ಹಾಕಿದ ಕೋಣೆಯಿಂದ ಬಂದ ಹಾಗೆ ಕೇಳಿದರೆ ತಪ್ಪು. ಹಿಂದೆ ಜೀರುಂಡೆ ಇದೆಯಾ? ಇದ್ದರೆ ಒಂದೇ ತುಣುಕು ಮತ್ತೆ ಮತ್ತೆ ಬರುತ್ತಿದೆಯಾ? ಮಲೆನಾಡಿನಲ್ಲಿ ಬೆಳೆದವರಿಗೆ ಗೊತ್ತು, ಕಿವಿ ಕಿತ್ತುಹೋಗುವ ಹಾಗೆ ಕೂಗುವ ಜೀರುಂಡೆ ಹತ್ತಿರ ಹೋದ ತಕ್ಷಣ ಥಟ್ ಅಂತ ನಿಲ್ಲಿಸುತ್ತದೆ. ಪಾತ್ರ ಸುಮ್ಮನೆ ನಿಂತಿರುವಾಗ ಜೀರುಂಡೆ ನಿಂತರೆ ಅಲ್ಲಿ ಇನ್ನೊಬ್ಬರು ಇದ್ದಾರೆ ಅಂತ ಅರ್ಥ. ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ. ಯಾವುದಾದರೂ ಸಿನಿಮಾ ಇದನ್ನು ಬಳಸಿದ್ದರೆ ಅವರು ಊರನ್ನು ಕೇಳಿಸಿಕೊಂಡಿದ್ದಾರೆ ಅಂತಲೇ ಲೆಕ್ಕ.

ಕಥೆಯಲ್ಲಿ ಊರು ನಿಜವಾಗಿ ಇದೆಯಾ ಅಂತಲೂ ನೋಡಿ. ಕರೆಂಟ್ ಹೋಯಿತು ಅಂತ ಇಡೀ ಮನೆ ಕಿರುಚಿಕೊಂಡರೆ ಹೊಸನಗರದವರು ನಂಬುತ್ತಾರಾ? ಜೋರು ಮಳೆಯಲ್ಲಿ ಮರ ಬಿದ್ದು ದಿನಗಟ್ಟಲೆ ಕರೆಂಟ್ ಇಲ್ಲದೆ ಇದ್ದು ಅಭ್ಯಾಸ ನಮಗೆ. ನೆಟ್‌ವರ್ಕ್ ಸಿಗುತ್ತಿಲ್ಲ ಅಂತ ಪಾತ್ರಗಳು ಒದ್ದಾಡುವುದೂ ಹಾಗೆಯೇ. ಯಾವ ತಿರುವಿನಲ್ಲಿ, ಯಾವ ಕಲ್ಲಿನ ಮೇಲೆ ನಿಂತರೆ ಸಿಗ್ನಲ್ ಬರುತ್ತದೆ ಅಂತ ಊರಿನ ಮಕ್ಕಳಿಗೂ ಗೊತ್ತಿರುತ್ತದೆ. ಆ ಜಾಗಕ್ಕೆ ರಾತ್ರಿ ಒಬ್ಬರೇ ನಡೆದು ಹೋಗಬೇಕಾಗಿ ಬಂದರೆ ಅದು ಕಥೆ. ನಡುರಾತ್ರಿ ತೋಟಕ್ಕೆ ಯಾಕೆ ಹೋದ ಅಂತ ಪೇಟೆಯವರು ಕೇಳಬಹುದು, ತ್ರೀ ಫೇಸ್ ಕರೆಂಟ್ ರಾತ್ರಿ ಕೊಟ್ಟಾಗ ಪಂಪ್‌ಸೆಟ್ ಹಾಕಲು ಹೋಗಲೇಬೇಕು ಅನ್ನುವುದು ನಮಗೆ ಗೊತ್ತು. ಅಭಿಪ್ರಾಯದಲ್ಲಿ ಈ ಮಾತು ಸೇರಿಸಿ. ಬೆಂಗಳೂರಿನಲ್ಲಿ ಕೂತು ನೋಡುವವರಿಗೆ ಆ ಸೀನು ಸುಳ್ಳಲ್ಲ ಅಂತ ತಿಳಿಯುತ್ತದೆ.

ಚೌಡಿಯನ್ನು ದೆವ್ವ ಮಾಡಿದ್ದರೆ

ಇದನ್ನು ನಮ್ಮ ಕಡೆಯವರೇ ಬರೆಯಬೇಕು, ಬೇರೆಯವರಿಗೆ ಹೊಳೆಯುವುದಿಲ್ಲ. ಮಲೆನಾಡಿನಲ್ಲಿ ಚೌಡಿ ಅಂದರೆ ಜಾಗ ಕಾಯುವ ದೇವತೆ. ತೋಟದ ಅಂಚಿನಲ್ಲಿ, ಬನದಲ್ಲಿ ಕಲ್ಲಿಗೆ ಕುಂಕುಮ ಹಚ್ಚಿ, ಕಾಯಿ ಒಡೆದು ಪೂಜೆ ಮಾಡುತ್ತಾರೆ. ಭೂತಪ್ಪನೂ ಹಾಗೆಯೇ, ಕೈ ಮುಗಿಯುವ ದೈವ. ಹೆಸರು ಕೇಳಲು ಚೆನ್ನಾಗಿದೆ ಅಂತ ತೆಗೆದುಕೊಂಡು ಅದನ್ನು ರಕ್ತ ಕುಡಿಯುವ ದೆವ್ವ ಮಾಡಿದರೆ ನಮ್ಮ ಮನೆಗಳ ದೊಡ್ಡವರಿಗೆ ಬೇಜಾರಾಗುತ್ತದೆ, ಆ ಬೇಜಾರು ನ್ಯಾಯವಾದದ್ದೇ. ಕೂಗಾಡದೆ, ಏನು ತಪ್ಪಾಗಿದೆ ಅಂತ ಒಂದೆರಡು ಸಾಲಿನಲ್ಲಿ ಹೇಳಿ. ಮೋಹಿನಿ, ಕೊಳ್ಳಿ ದೆವ್ವ ಇವೆಲ್ಲ ಬೇರೆ ವಿಷಯ.

1990ರ ದಶಕದಲ್ಲಿ, ರಾತ್ರಿ ಬಾಗಿಲು ತಟ್ಟುವ ದೆವ್ವ ಓದಿ ವಾಪಸ್ ಹೋಗಲಿ ಅಂತ ಕರ್ನಾಟಕದ ಎಷ್ಟೋ ಮನೆಗಳ ಬಾಗಿಲ ಮೇಲೆ 'ನಾಳೆ ಬಾ' ಅಂತ ಬರೆದಿದ್ದರು. ಈ ಸುದ್ದಿ ಹಿಂದಿ ಸಿನಿಮಾಕ್ಕೂ ಹೋಗಿ ಬಂತು. ಈಗ ಮತ್ತೊಬ್ಬರು ಅದನ್ನೇ ಎತ್ತಿಕೊಂಡರೆ, ಹಳೇ ಸುದ್ದಿಗೆ ಇವರು ಸೇರಿಸಿದ್ದೇನು ಅಂತ ಕೇಳಿ.

ಬರೆಯುವಾಗ

ನೀವು ಎಂಥ ನೋಡುಗರು ಅಂತ ಮೊದಲ ಸಾಲಿನಲ್ಲೇ ಹೇಳಿಬಿಡಿ, ಯಾಕೆಂದರೆ ಅಭಿಪ್ರಾಯ ಎರಡು ಹೋಳಾಗುವುದು ಜಾಸ್ತಿ ಸಲ ನಿರೀಕ್ಷೆಯಿಂದಲೇ. ಬ್ಲೇರ್ ವಿಚ್ ಬಂದಾಗ ವಿಮರ್ಶಕರಲ್ಲಿ ಬಹಳ ಜನ ಮೆಚ್ಚಿದರು. ಆದರೆ ಥಿಯೇಟರಿಗೆ ಬಂದವರನ್ನು ಕೇಳಿ ದರ್ಜೆ ಕೊಡುವ ಸಿನಿಮಾಸ್ಕೋರ್‌ನಲ್ಲಿ ಅದಕ್ಕೆ ಸಿಕ್ಕಿದ್ದು ಸಿ ಪ್ಲಸ್, ಅಂದರೆ ಕಡಿಮೆ ದರ್ಜೆ. ಅಲ್ಲಾಡುವ ಕ್ಯಾಮೆರಾ ನೋಡಿ ತಲೆ ಸುತ್ತು ಬಂದವರೂ ಇದ್ದರು. ನಮ್ಮಲ್ಲಿ 2013ರಲ್ಲಿ ಬಂದ '6-5=2' ಇದೇ ಜಾತಿಯದು. ಚಾರಣಕ್ಕೆ ಹೋದವರ ಕ್ಯಾಮೆರಾದಲ್ಲಿ ಸಿಕ್ಕಿದ ದೃಶ್ಯ ಅನ್ನುವ ಹಾಗೆ ಕಟ್ಟಿದ್ದು. ಅಲ್ಲಾಡುವ ಕ್ಯಾಮೆರಾ ನಿಮಗೆ ಆಗುವುದಿಲ್ಲ ಅಂದರೆ ಹಾಗಂತ ಬರೆಯಿರಿ, ಸಿನಿಮಾ ಕೆಟ್ಟದ್ದು ಅಂತ ಬರೆಯಬೇಡಿ.

ಒಂದು ಕಥೆ ಅಂದುಕೊಳ್ಳೋಣ. ಅಡಿಕೆ ಕೊಯ್ಲಿನ ಕಾಲ, ಹಳೇ ಮನೆ, ರಾತ್ರಿ ಅಂಗಳದಲ್ಲಿ ಎಲ್ಲರೂ ಮೆಟ್ಟುಗತ್ತಿ ಮುಂದೆ ಕೂತು ಅಡಿಕೆ ಸುಲಿಯುತ್ತಿದ್ದಾರೆ. ಅದಕ್ಕೆ ನಾನಾದರೆ ಹೀಗೆ ಬರೆಯುತ್ತೇನೆ:

"ನನಗೆ ನಿಧಾನವಾಗಿ ಹೆದರಿಸುವ ಸಿನಿಮಾ ಇಷ್ಟ. ಮೊದಲ ಅರ್ಧ ತುಂಬಾ ಹಿಡಿಸಿತು. ಅಡಿಕೆ ಸುಲಿಯುವ ಸೀನಿನಲ್ಲಿ ಕ್ಯಾಮೆರಾ ಒಂದೇ ಕಡೆ ನಿಲ್ಲುತ್ತದೆ, ಮ್ಯೂಸಿಕ್ ಇಲ್ಲ. ಎಷ್ಟು ಜನ ಕೂತಿದ್ದಾರೆ ಅಂತ ಎಣಿಸುತ್ತಾ ಇರಿ. ಇಂಟರ್ವಲ್ ಆದಮೇಲೆ ದೆವ್ವದ ಮುಖ ಪದೇ ಪದೇ ಬರುತ್ತದೆ, ಮೇಕಪ್ ಕಣ್ಣಿಗೆ ಹೊಡೆಯುತ್ತದೆ, ಹೆದರಿಕೆ ಇಳಿಯುತ್ತದೆ. ತೋಟದ ಸೀನುಗಳ ಡಬ್ಬಿಂಗ್ ಹೊಂದುವುದಿಲ್ಲ. ಅಜ್ಜಿ ಪಾತ್ರ ಮಾಡಿದವರು ಎಲೆ ಅಡಿಕೆ ಹಾಕಿಕೊಂಡು ಮಾತಾಡುವುದು ನಮ್ಮ ಮನೆಯವರ ಹಾಗೇ ಇದೆ. ರಕ್ತ, ಹೊಡೆದಾಟ ಬೇಕು ಅನ್ನುವವರಿಗೆ ಇದಲ್ಲ. ನಾಯಿ ಸಾಯುವ ಸೀನು ಇದೆ, ಚಿಕ್ಕ ಮಕ್ಕಳನ್ನು ಕೂರಿಸಬೇಡಿ."

ಎಣಿಸುತ್ತಾ ಇರಿ ಅಂದೆ, ಯಾಕೆ ಅಂತ ಹೇಳಲಿಲ್ಲ. ಗುಟ್ಟು ಬಿಟ್ಟುಕೊಡದೆಯೂ ಒಳ್ಳೇ ಸೀನಿನ ಕಡೆ ಕೈ ತೋರಿಸಬಹುದು. ಮಕ್ಕಳ ವಿಷಯ ಮರೆಯಬೇಡಿ. ಸೆನ್ಸಾರ್ ಸರ್ಟಿಫಿಕೇಟ್‌ನಲ್ಲಿ ಈಗ ವಯಸ್ಸಿನ ಪ್ರಕಾರ ಯುಎ 7+, 13+, 16+ ಅಂತ ಬೇರೆ ಬೇರೆ ಇರುತ್ತದೆ ನಿಜ, ಆದರೆ ಒಳಗೆ ಏನಿದೆ ಅಂತ ಅಪ್ಪ ಅಮ್ಮನಿಗೆ ತಿಳಿಯುವುದು ನೋಡಿದವರು ಹೇಳಿದರೆ ಮಾತ್ರ. ಸ್ಟಾರ್ ರೇಟಿಂಗ್ ಕೊಡಲೇಬೇಕು ಅಂದರೆ ಕೊನೆಯಲ್ಲಿ ಕೊಡಿ. ಮೊದಲೇ ಕೊಟ್ಟರೆ ಉಳಿದದ್ದನ್ನು ಯಾರೂ ಓದುವುದಿಲ್ಲ.

ಮಾಡಿದವರು ಪರಿಚಯದವರಾದರೆ

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಅಂದರೆ ಇದು ಆಗಿಯೇ ಆಗುತ್ತದೆ. ನಿರ್ದೇಶಕ ನಿಮ್ಮ ಕ್ಲಾಸ್‌ಮೇಟ್‌ನ ತಮ್ಮ, ದೆವ್ವದ ಪಾತ್ರ ಮಾಡಿದವಳು ಪಕ್ಕದ ಬೀದಿಯವಳು. ಆಗ "ಚೆನ್ನಾಗಿದೆ ಮಾರಾಯ" ಅಂದು ತಪ್ಪಿಸಿಕೊಳ್ಳುವುದು ಸುಲಭ. ಮಾಡಬೇಡಿ. ಆ ಹುಡುಗ ಮುಂದಿನ ಸಿನಿಮಾಕ್ಕೂ ಯಾರದ್ದೋ ಸಾಲ ಎತ್ತುತ್ತಾನೆ, ಅದೇ ತಪ್ಪು ಮತ್ತೆ ಮಾಡುತ್ತಾನೆ.

ಸರಿಮಾಡಲು ಆಗುವಂಥದ್ದನ್ನು ನೇರವಾಗಿ ಅವನಿಗೇ ಫೋನ್ ಮಾಡಿ ಹೇಳಿ. ಸಬ್‌ಟೈಟಲ್ ತಪ್ಪು, ಒಂದು ಕಡೆ ಸೌಂಡ್ ಜೋರು ಇನ್ನೊಂದು ಕಡೆ ಕೇಳಿಸುವುದೇ ಇಲ್ಲ, ಟೈಟಲ್‌ನಲ್ಲಿ ಯಾರದ್ದೋ ಹೆಸರು ಬಿಟ್ಟುಹೋಗಿದೆ, ಇಂಥವು. ಕಥೆ, ನಟನೆ, ಕ್ಲೈಮ್ಯಾಕ್ಸ್ ಬಗ್ಗೆ ಎಲ್ಲರಿಗೂ ಕಾಣುವ ಹಾಗೆ ಬರೆಯಿರಿ. ಎದುರಿಗೆ ಸಿಕ್ಕರೆ ತೀರ್ಪು ಕೊಡುವ ಮೊದಲು ಕೇಳಿ: "ಏನಪ್ಪಾ, ಆ ಬಾವಿ ಸೀನಿನಲ್ಲಿ ನಮಗೆ ಏನು ಅನ್ನಿಸಬೇಕು ಅಂತ ಇತ್ತು ನಿಂಗೆ?" ಅವನು ಹೇಳಿದ್ದು ಒಂದು, ನಿಮಗೆ ಅನ್ನಿಸಿದ್ದು ಇನ್ನೊಂದು ಆಗಿದ್ದರೆ ಅಲ್ಲೇ ಮಾತು ಶುರುವಾಗುತ್ತದೆ. ನಟಿಸಿದವರ ಮೈಬಣ್ಣ, ರೂಪದ ಬಗ್ಗೆ ಒಂದು ಅಕ್ಷರವೂ ಬೇಡ.

ಬರೆದು ಹಾಕಿದ ಮೇಲೆ ಒಂದು ವಾರ ಬಿಟ್ಟು ಆ ಚೀಟಿ ನೋಡದೆಯೇ ಯಾವ ಸೀನು ನೆನಪಿಗೆ ಬರುತ್ತದೆ ಅಂತ ನೋಡಿಕೊಳ್ಳಿ. ಅದು ಮೊದಲು ಬರೆದದ್ದರಲ್ಲಿ ಇಲ್ಲದಿದ್ದರೆ ಕೆಳಗೆ ತಾರೀಖು ಹಾಕಿ ಸೇರಿಸಿ, ಹಳೇ ಸಾಲುಗಳನ್ನು ಅಳಿಸಬೇಡಿ.