ಕವಳೆ ಬೋನ್ಸಾಯ್: ಹಣ್ಣು ಬೇಕಂದ್ರೆ ಕತ್ತರಿ ಯಾವಾಗ ಕೆಳಗಿಡಬೇಕು

ಬೋನ್ಸಾಯ್ ಅಂದ ಕೂಡಲೇ ಎಲ್ಲರೂ ಆಲ, ಅರಳಿ ಹುಡುಕುತ್ತಾರೆ. ನನ್ನ ಕೇಳಿದರೆ ಕವಳೆ ಹಾಕಿ. ಕರಾವಳಿ ಕಡೆ ಕರಂಡೆ ಅಂತಾರಲ್ಲ, ಅದೇ ಬೇಲಿ ಗಿಡ. ಎಂಥ ಬಿಸಿಲಿದ್ದರೂ ತಡೆಯುತ್ತದೆ. ಕುಂಡದಲ್ಲಿ ಎಲೆ ಸಣ್ಣದಾಗಬಹುದು, ಆದರೆ ಹಣ್ಣಿನ ಗಾತ್ರ ಇಳಿಯಲ್ಲ, ಹಾಗಾಗಿ ಹಣ್ಣೇ ಚಿಕ್ಕದಿರುವ ಗಿಡ ಬೇಕು. ಕವಳೆ ಹಣ್ಣು ಹೆಚ್ಚೂಕಡಿಮೆ 2 ಸೆಂ.ಮೀ. ಇರುತ್ತೆ, ಅಂಗೈಯಗಲದ ಗಿಡದಲ್ಲೂ ಒಪ್ಪುತ್ತೆ.

ನರ್ಸರಿಯಲ್ಲಿ ಎತ್ತರ ನೋಡಬೇಡಿ, ಬುಡ ದಪ್ಪ ಇರೋದನ್ನು ಆರಿಸಿ. ಬೀಜದಿಂದ ಬೆಳೆಸೋದಾದರೆ ಹಣ್ಣಿನಿಂದ ತೆಗೆದ ಕೂಡಲೇ ಬಿತ್ತಿ, ಒಣಗಿಸಿ ಇಟ್ಟರೆ ಹುಟ್ಟಲ್ಲ. ಮಳೆಗಾಲ ಶುರುವಾದಾಗ ತಾಯಿಬೇರು ಮೊಟಕು ಮಾಡಿ, ಉಳಿದ ಬೇರಲ್ಲಿ ಮೂರರಲ್ಲೊಂದು ಪಾಲು ಕತ್ತರಿಸಿ ಕುಂಡಕ್ಕೆ ಹಾಕಿ. ಕೆಮ್ಮಣ್ಣು, ಸಣ್ಣ ಇಟ್ಟಿಗೆ ಚೂರು, ಎರೆಗೊಬ್ಬರ ಸಮ ಪಾಲು ಸಾಕು. ನೀರು ಮಾತ್ರ ನಿಲ್ಲಬಾರದು.

ಕೊಂಬೆ ಬಾಗಿಸಿ ಆಕಾರ ಕೊಡೋಕೆ ತಂತಿ ಸುತ್ತೋದು ಎಳೆಯದಕ್ಕೆ ಮಾತ್ರ. ಬಲಿತದ್ದು ಬಾಗಲ್ಲ, ಪಟ್ಟಂತ ಮುರಿಯುತ್ತೆ. ಕತ್ತರಿಸಿದ ಜಾಗದಲ್ಲಿ ಬಿಳಿ ಹಾಲು ಒಸರುತ್ತೆ, ಒದ್ದೆ ಬಟ್ಟೆಯಲ್ಲಿ ಒರೆಸಿ. ಬೆರಳಿಗೆ ಅಂಟಿದರೆ ಕೊಬ್ಬರಿ ಎಣ್ಣೆ ಹಚ್ಚಿ ತೊಳೆಯಿರಿ. ಮುಳ್ಳು ಜೋಡಿಜೋಡಿಯಾಗಿ ಇರುತ್ತೆ, ತಂತಿ ಹೋಗೋ ದಾರಿಯಲ್ಲಿರುವುದರ ತುದಿ ಮಾತ್ರ ಚಿವುಟಿ, ಉಳಿದದ್ದು ಇರಲಿ, ಗಿಡದ ಚೆಂದ ಅದರಲ್ಲೇ ಇದೆ.

ಈಗ ಮುಖ್ಯ ವಿಷಯ. "ನಮ್ಮ ಗಿಡ ಸೊಂಪಾಗಿದೆ, ಹಣ್ಣೇ ಬಿಡಲ್ಲ" ಅನ್ನೋರು ಸಾಮಾನ್ಯವಾಗಿ ವರ್ಷಪೂರ್ತಿ ತುದಿ ಚಿವುಟುತ್ತಾ ಇರ್ತಾರೆ. ಕವಳೆ ಹೂ ಗೊಂಚಲು ಬರೋದೇ ಚಿಗುರಿನ ತುದಿಯಲ್ಲಿ! ತುದಿ ಕಿತ್ತರೆ ಹೂ ಎಲ್ಲಿಂದ ಬರಬೇಕು? ಹಾಗಾಗಿ ಹಣ್ಣು ಮುಗಿದ ಮೇಲೆ, ಮಳೆಯಲ್ಲೇ, ಧೈರ್ಯವಾಗಿ ಕತ್ತರಿಸಿ ಆಕಾರ ಕೊಡಿ. ದಸರಾ ಹೊತ್ತಿಗೆ ಕತ್ತರಿ ಎತ್ತಿಡಿ. ಆಮೇಲೆ ಗಿಡ ಸ್ವಲ್ಪ ಕೆದರಿದ ಹಾಗೆ ಕಾಣಿಸುತ್ತೆ, ಕತ್ತರಿಸೋಕೆ ಕೈ ತುರಿಸುತ್ತೆ, ಸುಮ್ನೆ ಬಿಡಿ. ಬೇಸಿಗೆ ಹತ್ತಿರ ಬರ್ತಾ ಮಲ್ಲಿಗೆಯಂಥ ಬಿಳಿ ಹೂ ಬಿಡುತ್ತೆ.

ಆಗ ದಿನಾ ಪೂರ್ತಿ ಬಿಸಿಲು ಬೇಕು, ಕುಂಡ ಒಣಗಲು ಬಿಡಲೇಬಾರದು. ಕಾಯಿ ಜಾಸ್ತಿ ಕಚ್ಚಿದರೆ ಚಿಕ್ಕ ಗಿಡಕ್ಕೆ ಭಾರ, ಕೊಂಬೆಗೆ ಎರಡು ಮೂರು ಬಿಟ್ಟು ಉಳಿದದ್ದನ್ನು ಹಸಿರಿದ್ದಾಗಲೇ ಕಿತ್ತು ಉಪ್ಪಿನಕಾಯಿಗೆ ಹಾಕಿ.